ಬೆಳಗಾವಿ ಸ್ಮಾರ್ಟ್ ಸಿಟಿ: ಜನರ ನಂಬಿಕೆ ಎಲ್ಲಿ ನಿಂತಿದೆ?

2016ರ ಜನವರಿ 28ರಂದು ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಯೋಜನೆಗೆ ಸ್ಪರ್ಧೆಯಲ್ಲಿ ಗೆದ್ದ ಮೊದಲ 20 ನಗರಗಳ ಪಟ್ಟಿ ಪ್ರಕಟಿಸಿತು. ಕರ್ನಾಟಕದ ಎರಡೇ ಊರುಗಳು ಅದರಲ್ಲಿದ್ದವು. ದಾವಣಗೆರೆ 10ನೇ ಸ್ಥಾನದಲ್ಲಿ, ಬೆಳಗಾವಿ 15ನೇ ಸ್ಥಾನದಲ್ಲಿ. ಬೆಂಗಳೂರಿನ ಹೆಸರು ಕೂಡ ಆಗ ಇರಲಿಲ್ಲ. ರಾಜಧಾನಿಯಿಂದ ಇಷ್ಟು ದೂರ ಇರುವ ನಮ್ಮ ಊರಿಗೆ ಅದು ಸಣ್ಣ ಸುದ್ದಿ ಆಗಿರಲಿಲ್ಲ. ಕೇಂದ್ರದಿಂದ 500 ಕೋಟಿ, ರಾಜ್ಯದ ಕಡೆಯಿಂದ ಅಷ್ಟೇ. ಒಟ್ಟು ಸಾವಿರ ಕೋಟಿ ಬರುತ್ತದೆ ಎಂಬ ಮಾತು ಗಲ್ಲಿ ಗಲ್ಲಿಗೂ ತಲುಪಿತು.

ಯೋಜನೆಯ ಅವಧಿ ಒಂದಲ್ಲ, ಹಲವು ಸಲ ವಿಸ್ತರಣೆಯಾಗಿ 2025ರ ಮಾರ್ಚ್ 31ಕ್ಕೆ ಮುಗಿಯಿತು. ಈಗ ಊರಲ್ಲಿ ಯಾರನ್ನಾದರೂ ಕೇಳಿ ನೋಡಿ, "ಏನ್ರೀ, ಬೆಳಗಾವಿ ಸ್ಮಾರ್ಟ್ ಆತೇನು?" ಅಂತ. ತಿಲಕವಾಡಿಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರು ಒಂದು ಉತ್ತರ ಕೊಡುತ್ತಾರೆ. ವಡಗಾವಿಯ ನೇಕಾರರ ಮನೆಯಲ್ಲಿ ಬೇರೆ ಉತ್ತರ ಸಿಗುತ್ತದೆ. ಮಹಾಂತೇಶ ನಗರದವರು "ನಮ್ಮ ಕಡೆ ಏನ್ ಬಂತ್ರೀ?" ಎಂದು ನಿಮ್ಮನ್ನೇ ತಿರುಗಿ ಕೇಳಬಹುದು. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಂದೇ ಯೋಜನೆ ಒಂದೊಂದು ಮನೆಯ ಬಾಗಿಲಿಂದ ಒಂದೊಂದು ಥರ ಕಾಣುತ್ತದೆ.

ಜನ ಒಂದು ಯೋಜನೆಯನ್ನು ಯಾಕೆ ನಂಬುತ್ತಾರೆ, ಯಾಕೆ ನಂಬುವುದಿಲ್ಲ ಎಂಬುದನ್ನು ಈ ಲೇಖನದಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿಯ ಜನರ ಬೇಸರಕ್ಕೆ ರಸ್ತೆ, ದೀಪ, ಪಾರ್ಕು ದೊಡ್ಡ ಕಾರಣವಲ್ಲ. ಕೇಳಿದಾಗ ಉತ್ತರ ಕೊಡುವವರು ಯಾರು ಎಂಬುದೇ ಗೊತ್ತಾಗಲಿಲ್ಲ. ಬೇಸರದ ಬೇರು ಇರುವುದು ಅಲ್ಲಿ.

ಇಷ್ಟ ಬೇರೆ, ನಂಬಿಕೆ ಬೇರೆ

ಒಂದು ರಸ್ತೆ ನಿಮಗೆ ಇಷ್ಟವಾಗಬಹುದು. ಹಾಗಂತ ಅದನ್ನು ಮಾಡಿದವರ ಮೇಲೆ ನಂಬಿಕೆ ಬಂದಿದೆ ಎಂದಾಗುವುದಿಲ್ಲ. ಇಷ್ಟ ಅನ್ನುವುದು ಆಗಿಹೋದ ಕೆಲಸದ ಬಗ್ಗೆ. ನಂಬಿಕೆ ಮುಂದೆ ಆಗುವುದರ ಬಗ್ಗೆ. ನಾಳೆ ಈ ಗಟಾರ ಕಟ್ಟಿಕೊಂಡರೆ ಯಾರಾದರೂ ಬರುತ್ತಾರಾ? ದೀಪ ಕೆಟ್ಟರೆ ಎಷ್ಟು ದಿನ ಕತ್ತಲೆ? ಮುಂದಿನ ಸಲ ಗಲ್ಲಿ ಅಗೆಯುವ ಮೊದಲು ನಮಗೆ ಹೇಳುತ್ತಾರಾ?

ರೋಜರ್ ಮೇಯರ್, ಜೇಮ್ಸ್ ಡೇವಿಸ್ ಮತ್ತು ಡೇವಿಡ್ ಶೂರ್ಮನ್ ಎಂಬ ಮೂವರು ಸಂಶೋಧಕರು 1995ರಲ್ಲಿ ನಂಬಿಕೆಯನ್ನು ಮೂರು ಭಾಗ ಮಾಡಿ ತೋರಿಸಿದರು. ಎದುರಿನವರಿಗೆ ಕೆಲಸ ಮಾಡುವ ಶಕ್ತಿ ಇದೆಯಾ? ನಮ್ಮ ಒಳಿತು ಅವರ ಮನಸ್ಸಿನಲ್ಲಿದೆಯಾ? ಕೊಟ್ಟ ಮಾತಿಗೆ ನಿಲ್ಲುತ್ತಾರಾ? ನಮ್ಮ ಕಿರಾಣಿ ಅಂಗಡಿಯವರು ಉದ್ರಿ ಕೊಡುವಾಗ ಮಾಡುವ ಲೆಕ್ಕ ಇದೇ ಅಲ್ವಾ? ದುಡ್ಡಿದ್ದವರಿಗೆಲ್ಲ ಅವರು ಉದ್ರಿ ಕೊಡುವುದಿಲ್ಲ. ಹೋದ ತಿಂಗಳು ಹೇಳಿದ ತಾರೀಖಿಗೆ ಬಂದು ಲೆಕ್ಕ ತೀರಿಸಿದವರಿಗೆ ಕೊಡುತ್ತಾರೆ. ಬರಲು ಆಗದಿದ್ದಾಗ ಮೊದಲೇ ಬಂದು ಹೇಳಿಹೋದವರಿಗೂ ಕೊಡುತ್ತಾರೆ.

ಸ್ಮಾರ್ಟ್ ಸಿಟಿ ಯೋಜನೆ ಮೊದಲ ಭಾಗಕ್ಕೆ ಬಹಳ ಗಮನ ಕೊಟ್ಟಿತು. ದುಡ್ಡು ಇತ್ತು. ಎಂಜಿನಿಯರ್‌ಗಳು, ಸಲಹಾ ಸಂಸ್ಥೆಗಳು, ತಂತ್ರಜ್ಞಾನ ಎಲ್ಲವೂ ಇತ್ತು. ಉಳಿದ ಎರಡು ಭಾಗ ತಾವಾಗಿಯೇ ಬರುತ್ತವೆ ಎಂದುಕೊಂಡರು. ಬರಲಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ನಂಬಿಕೆ ಬೆಳೆಯಲು ಬಹಳ ಕಾಲ ಬೇಕು, ಒಡೆಯಲು ಒಂದೇ ಘಟನೆ ಸಾಕು. ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ 1993ರಲ್ಲಿ ಇದನ್ನು ವಿವರಿಸಿದ್ದರು. ಒಳ್ಳೆಯ ಸುದ್ದಿಗೆ ಆಕಾರ ಇರುವುದಿಲ್ಲ. "ಈ ವರ್ಷ ಗಟಾರ ತುಂಬಲಿಲ್ಲ" ಎಂಬುದನ್ನು ಯಾರೂ ಮಾತಾಡುವುದಿಲ್ಲ. ತೆರೆದ ಗುಂಡಿಗೆ ಒಬ್ಬರು ಬಿದ್ದರೆ ಅದು ವರ್ಷಗಟ್ಟಲೆ ನೆನಪಿರುತ್ತದೆ. ಜನ ಕೆಟ್ಟವರೆಂದು ಹೀಗಾಗುವುದಿಲ್ಲ. ಮನುಷ್ಯರ ಮನಸ್ಸು ಇರುವುದೇ ಹಾಗೆ. ಅಂಥ ಮನಸ್ಸಿನ ಜನರ ನಡುವೆಯೇ ಯೋಜನೆ ಕೆಲಸ ಮಾಡಬೇಕು.

ರಸ್ತೆ ಅಗೆದವರು ಯಾರು?

ಬೆಳಗಾವಿಯಲ್ಲಿ ನಿಮ್ಮ ಮನೆ ಮುಂದೆ ರಸ್ತೆ ಅಗೆದಿದ್ದಾರೆ ಅಂದುಕೊಳ್ಳಿ. ಅಗೆದವರು ಯಾರು? ಬೆಳಗಾವಿ ಸ್ಮಾರ್ಟ್ ಸಿಟಿ ಲಿಮಿಟೆಡ್ ಇರಬಹುದು, ಮಹಾನಗರ ಪಾಲಿಕೆ ಇರಬಹುದು. ನೀರಿನ ಯೋಜನೆಯವರು ಇರಬಹುದು, ಕರೆಂಟಿನ ಹೆಸ್ಕಾಂ ಇರಬಹುದು. ಗ್ಯಾಸ್ ಪೈಪಿನವರೋ, ಫೋನ್ ಕೇಬಲ್‌ನವರೋ ಇರಬಹುದು. ಮನೆ ಕ್ಯಾಂಪ್ ಕಡೆ ಇದ್ದರೆ ಕಂಟೋನ್ಮೆಂಟ್ ಬೋರ್ಡ್. ಹೊಸ ಬಡಾವಣೆಯಾದರೆ ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಬುಡಾ. ಒಬ್ಬೊಬ್ಬರಿಗೂ ಬೇರೆ ಬೇರೆ ಬಜೆಟ್, ಬೇರೆ ಟೆಂಡರ್, ಬೇರೆ ಗುತ್ತಿಗೆದಾರರು. ಮನೆಯಲ್ಲಿದ್ದವರಿಗೆ ಕಾಣುವುದು ಒಂದೇ ಜೆಸಿಬಿ, ಒಂದೇ ಧೂಳು.

ಆಗ ಜನ ಏನು ಮಾಡುತ್ತಾರೆ? ತಮಗೆ ಗೊತ್ತಿರುವ ಹೆಸರಿನ ತಲೆಗೆ ಎಲ್ಲವನ್ನೂ ಕಟ್ಟುತ್ತಾರೆ. ಹಲವು ವರ್ಷ ಆ ಹೆಸರು "ಸ್ಮಾರ್ಟ್ ಸಿಟಿ" ಆಗಿತ್ತು. ಬೇರೆಯವರು ಅಗೆದ ಗುಂಡಿಯ ಬೈಗುಳವೂ ಅದರ ಪಾಲಿಗೆ ಬಂತು. ಅದರ ಹಣದಲ್ಲಿ ಆದ ಒಳ್ಳೆಯ ಕೆಲಸದ ಹೊಗಳಿಕೆ ಎಷ್ಟೋ ಸಲ ಬ್ಯಾನರ್ ಕಟ್ಟಿದವರ ಪಾಲಾಯಿತು.

ಈ ಗೊಂದಲ ಆಕಸ್ಮಿಕ ಅಲ್ಲ. ಯೋಜನೆಯ ಮಾರ್ಗಸೂಚಿಯಲ್ಲೇ ಅದರ ಬೀಜ ಇದೆ. 2015ರ ಜೂನ್ 25ರಂದು ಯೋಜನೆ ಶುರುವಾದಾಗ ಒಂದು ನಿಯಮ ಇತ್ತು. ಪ್ರತಿ ನಗರದಲ್ಲೂ ಈ ಕೆಲಸಕ್ಕೆಂದೇ ಒಂದು ಕಂಪನಿ ಆಗಬೇಕು. ಅದನ್ನು ಎಸ್‌ಪಿವಿ ಎಂದು ಕರೆಯುತ್ತಾರೆ. ಅದು ಕಂಪನಿ ಕಾಯ್ದೆಯಡಿ ನೋಂದಣಿಯಾಗಬೇಕು. ರಾಜ್ಯ ಸರ್ಕಾರ ಮತ್ತು ಸ್ಥಳೀಯ ಪಾಲಿಕೆಗೆ ಅದರಲ್ಲಿ ಸಮಪಾಲು. ನಡೆಸಲು ಒಬ್ಬ ಮುಖ್ಯಾಧಿಕಾರಿ (ನಮ್ಮಲ್ಲಿ ಎಂ.ಡಿ.), ಮೇಲೊಂದು ನಿರ್ದೇಶಕರ ಮಂಡಳಿ. ಯೋಜನೆಗೆ ಸಂಬಂಧಿಸಿದಂತೆ ಪಾಲಿಕೆ ತನ್ನ ಅಧಿಕಾರಗಳನ್ನು ಈ ಕಂಪನಿಗೆ ಒಪ್ಪಿಸಬೇಕೆಂದು ಮಾರ್ಗಸೂಚಿ ಉತ್ತೇಜಿಸಿತು.

ಉದ್ದೇಶ ಕೆಟ್ಟದ್ದಲ್ಲ. ಪಾಲಿಕೆಯ ಸಭೆಗಳಲ್ಲಿ ಕಡತ ತಿಂಗಳುಗಟ್ಟಲೆ ಕೂರುತ್ತದೆ. ಕಂಪನಿಯಾದರೆ ಬೇಗ ತೀರ್ಮಾನವಾಗುತ್ತದೆ, ಟೆಂಡರ್ ಬೇಗ ಹೋಗುತ್ತದೆ ಎಂಬುದು ವಾದ. ಆದರೆ ಒಂದು ತೊಡಕು ಉಳಿಯಿತು. ನನ್ನ ಗಲ್ಲಿಯ ನಗರಸೇವಕರು ನಾಳೆ ಮತ ಕೇಳಲು ನನ್ನ ಬಾಗಿಲಿಗೆ ಬರಲೇಬೇಕು. ಕಂಪನಿಯ ಎಂ.ಡಿ. ಬರಬೇಕಾಗಿಲ್ಲ. ಅವರಿಗೆ ವರ್ಗಾವಣೆ ಆದರೆ ಹಳೆಯ ಮಾತು ಹಳೆಯವರ ಜೊತೆ ಹೋಗುತ್ತದೆ.

ಬೆಳಗಾವಿಯಲ್ಲಿ ಈ ತೊಡಕು ಇನ್ನೂ ಜಾಸ್ತಿ ಆಯಿತು. ಅದಕ್ಕೊಂದು ಕಾರಣ ಇದೆ, ಅದರ ಬಗ್ಗೆ ಅಷ್ಟಾಗಿ ಯಾರೂ ಮಾತಾಡುವುದಿಲ್ಲ. 2019ರ ಮಾರ್ಚ್‌ನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ರಂದು, 58 ವಾರ್ಡ್‌ಗಳಿಗೆ. ಗೆದ್ದವರು ಗೆದ್ದರು, ಆದರೆ ಮೇಯರ್ ಆಯ್ಕೆ ಆಗಲಿಲ್ಲ. ಅದು ಆದದ್ದು 2023ರ ಫೆಬ್ರವರಿಯಲ್ಲಿ. ಹೆಚ್ಚುಕಡಿಮೆ ನಾಲ್ಕು ವರ್ಷ ಊರಿಗೆ ಮೇಯರ್ ಇರಲಿಲ್ಲ, ಪಾಲಿಕೆಯ ಸಾಮಾನ್ಯ ಸಭೆ ಇರಲಿಲ್ಲ, ಆಡಳಿತಾಧಿಕಾರಿಗಳೇ ಎಲ್ಲವನ್ನೂ ನೋಡಿಕೊಂಡರು. ಸ್ಮಾರ್ಟ್ ಸಿಟಿ ಕಾಮಗಾರಿಗಳು ಜೋರಾಗಿ ನಡೆದದ್ದೂ ಹೆಚ್ಚಾಗಿ ಇದೇ ಕಾಲದಲ್ಲಿ. ಊರಿನ ದೊಡ್ಡ ಮೊತ್ತ ಖರ್ಚಾಗುವಾಗ "ಇದು ಯಾಕೆ, ಅದು ಯಾಕಿಲ್ಲ" ಎಂದು ಸಭೆಯಲ್ಲಿ ನಿಂತು ಕೇಳುವವರೇ ಇರಲಿಲ್ಲ. ಇದನ್ನು ಬಿಟ್ಟು ಬೆಳಗಾವಿಯ ಜನರ ಅನುಮಾನವನ್ನು ಅರ್ಥ ಮಾಡಿಕೊಳ್ಳಲು ಹೋದರೆ ಅರ್ಧ ಕತೆ ಮಾತ್ರ ಸಿಗುತ್ತದೆ.

ಜನರ ಮಾತಿಗೆ ಜಾಗವೇ ಇರಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಮಾರ್ಗಸೂಚಿಯಲ್ಲಿ ನಗರ ಮಟ್ಟದ ಸಲಹಾ ವೇದಿಕೆ ಇತ್ತು. ಜಿಲ್ಲಾಧಿಕಾರಿ, ಸಂಸದರು, ಶಾಸಕರು, ಮೇಯರ್, ತಜ್ಞರು, ನಿವಾಸಿ ಸಂಘಗಳವರು ಅದರಲ್ಲಿ ಕೂರಬೇಕಿತ್ತು. ಪ್ರಸ್ತಾವ ಬರೆಯುವಾಗ ಕೇಂದ್ರ ಸರ್ಕಾರದ ಮೈಗವ್ ಜಾಲತಾಣದಲ್ಲಿ, ಸಭೆಗಳಲ್ಲಿ ಜನರ ಅಭಿಪ್ರಾಯವನ್ನೂ ಕೇಳಿದರು. ಆದರೆ ಅಭಿಪ್ರಾಯ ಕೇಳಿದ್ದು ಸ್ಪರ್ಧೆಯಲ್ಲಿ ಗೆಲ್ಲುವ ಮೊದಲು. ಕೆಲಸ ಶುರುವಾದ ಮೇಲೆ, ನಕ್ಷೆ ಬದಲಾದಾಗ, ತಡವಾದಾಗ, ಒಂದು ಕಾಮಗಾರಿ ಕೈಬಿಟ್ಟಾಗ ಅಷ್ಟೇ ಕಾಳಜಿಯಿಂದ ಯಾರೂ ಬಂದು ಹೇಳಲಿಲ್ಲ. ನಾವು ಹೇಳಿದ್ದನ್ನು ಬರೆದುಕೊಂಡು ಹೋದವರು ಆಮೇಲೆ ಪತ್ತೆಯೇ ಇಲ್ಲದಿದ್ದರೆ, ಕೇಳದೇ ಇದ್ದುದಕ್ಕಿಂತ ಜಾಸ್ತಿ ನೋವಾಗುತ್ತದೆ.

ಸಾವಿರ ಕೋಟಿ ಎಲ್ಲಿ ಹೋಯಿತು?

ಇದು ಬೆಳಗಾವಿಯ ಚಹಾದಂಗಡಿಗಳಲ್ಲಿ ಸಿಗುವ ಸಾಮಾನ್ಯ ಪ್ರಶ್ನೆ. ಕೇಳುವುದು ನ್ಯಾಯವೇ. ಆದರೆ ಉತ್ತರ ಅರ್ಥವಾಗಬೇಕಾದರೆ ಯೋಜನೆಯ ಅಳತೆ ಗೊತ್ತಿರಬೇಕು.

ಹೆಸರು "ಸಿಟಿ" ಎಂದಿದ್ದರೂ ಯೋಜನೆ ಇಡೀ ನಗರಕ್ಕೆ ಇರಲಿಲ್ಲ. ಹೆಚ್ಚಿನ ಹಣ ಆಯ್ದ ಒಂದು ಭಾಗಕ್ಕೆ ಹೋಗಬೇಕಿತ್ತು. ಈಗಿರುವ ಬಡಾವಣೆಯನ್ನೇ ಸುಧಾರಿಸುವುದಾದರೆ ಆ ಭಾಗ 500 ಎಕರೆಗಿಂತ ದೊಡ್ಡದಿರಬೇಕು ಎಂಬುದು ನಿಯಮ. ಇಡೀ ಊರಿಗೆ ತಲುಪುವ ಕೆಲಸವೆಂದರೆ ತಂತ್ರಜ್ಞಾನಕ್ಕೆ ಸಂಬಂಧಿಸಿದ ಕೆಲವೇ ಕೆಲವು. ಒಂದು ಭಾಗವನ್ನು ಮಾದರಿಯಾಗಿ ಮಾಡಿದರೆ ಉಳಿದ ಕಡೆ ಅದನ್ನು ನೋಡಿ ಮಾಡುತ್ತಾರೆ ಎಂಬ ಲೆಕ್ಕಾಚಾರ ಇದರ ಹಿಂದೆ ಇತ್ತು.

ಈ ಮಾತನ್ನು ಜನರಿಗೆ ಮೊದಲ ದಿನವೇ ಸರಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ. ತಿಲಕವಾಡಿಯ ಮಂಡೋಳಿ ರಸ್ತೆ ಸ್ಮಾರ್ಟ್ ರಸ್ತೆ ಆದಾಗ ದೂರದ ಬಡಾವಣೆಯವರು ತಮ್ಮ ಸರದಿಗೆ ಕಾಯುತ್ತಾ ಕುಳಿತರು. ಆ ಸರದಿ ಯೋಜನೆಯಲ್ಲಿ ಬರೆದೇ ಇರಲಿಲ್ಲ. 2011ರ ಜನಗಣತಿಯಂತೆ ಊರಿನ ಜನಸಂಖ್ಯೆ ಸುಮಾರು 4.9 ಲಕ್ಷ. ಆಸೆ ಹುಟ್ಟಿಸಿದ್ದು ಅಷ್ಟೂ ಜನರಲ್ಲಿ. ಮನೆ ಮುಂದೆ ಕೆಲಸ ಕಂಡದ್ದು ಅವರಲ್ಲಿ ಕೆಲವರಿಗೆ. ಉಳಿದವರಿಗೆ ಮೋಸವಾಯಿತು ಅನಿಸಿದರೆ ಅವರ ತಪ್ಪು ಎಲ್ಲಿದೆ?

ಇನ್ನೊಂದು ಕಾರಣವೂ ಇದೆ. ದುಡ್ಡಿನ ದೊಡ್ಡ ಪಾಲು ನೆಲದ ಕೆಳಗೆ ಹೋಗುತ್ತದೆ. ಸ್ಮಾರ್ಟ್ ರಸ್ತೆ ಎಂದರೆ ಮೇಲಿನ ಕಾಂಕ್ರೀಟು ಮತ್ತು ಫುಟ್‌ಪಾತ್ ಅಷ್ಟೇ ಅಲ್ಲ. ಮಳೆನೀರಿನ ಗಟಾರ, ವಿದ್ಯುತ್ ಮತ್ತು ಫೋನ್ ಕೇಬಲ್‌ಗಳಿಗೆ ಪ್ರತ್ಯೇಕ ಕೊಳವೆ, ಅಲ್ಲಲ್ಲಿ ಚೇಂಬರ್. ಮುಂದೆ ಕೇಬಲ್ ಹಾಕಬೇಕಾದರೆ ರಸ್ತೆ ಅಗೆಯಬಾರದು ಎಂಬುದಕ್ಕೇ ಆ ಕೊಳವೆ. ಮುಚ್ಚಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಕಾಣುವುದು ಮೇಲಿನ ಪೇವರ್ ಕಲ್ಲು. ಅದೇ ಕಲ್ಲು ಅಲುಗಾಡಿದರೆ "ಇಷ್ಟಕ್ಕೆ ಇಷ್ಟು ಕೋಟಿಯಾ" ಎಂಬ ಪ್ರಶ್ನೆ ಏಳುತ್ತದೆ. ಕೊಳವೆ ಇದ್ದೂ ಅದೇ ರಸ್ತೆಯನ್ನು ಮತ್ತೊಬ್ಬರು ಬಂದು ಅಗೆದರಂತೂ ಮುಗಿಯಿತು. ನೆಲದಡಿ ಏನೂ ಇಲ್ಲವೇ ಇಲ್ಲ ಎಂದೇ ಜನ ತೀರ್ಮಾನಿಸುತ್ತಾರೆ.

ಮಳೆಯಂತೂ ಎಲ್ಲ ಕೆಲಸಕ್ಕೂ ಪರೀಕ್ಷೆ. ನಮ್ಮದು ಒಳ್ಳೆಯ ಮಳೆ ಬೀಳುವ ಊರು. 2019ರ ಆಗಸ್ಟ್‌ನ ಮಳೆ ಇಲ್ಲಿ ಯಾರಿಗೂ ಮರೆತಿಲ್ಲ. ಬಳ್ಳಾರಿ ನಾಲೆ ಉಕ್ಕಿದರೆ ಶಹಾಪುರ, ವಡಗಾವಿ ಕಡೆಯ ಹೊಲಗಳಲ್ಲಿ ನೀರು ನಿಲ್ಲುತ್ತದೆ. ಅಲ್ಲಿನ ರೈತರಿಗೆ ಸ್ಮಾರ್ಟ್ ಅಂದರೆ ನಾಲೆಯ ಹೂಳು ತೆಗೆಯುವುದು. ಅದು ಇವರ ವ್ಯಾಪ್ತಿ, ಇದು ಅವರ ವ್ಯಾಪ್ತಿ ಎಂಬ ಉತ್ತರ ಅವರಿಗೆ ಬೇಕಾಗಿಲ್ಲ.

ಶಹಾಪುರದ ರಸ್ತೆ ಹೇಳುವ ಪಾಠ

ನಂಬಿಕೆಯ ಮೂರನೆಯ ಭಾಗ ಕೊಟ್ಟ ಮಾತಿಗೆ, ನಿಯಮಕ್ಕೆ ನಿಂತು ನಡೆದುಕೊಳ್ಳುವುದು. ಇದಕ್ಕೆ ಬೆಳಗಾವಿಯಲ್ಲೇ ಒಂದು ಉದಾಹರಣೆ ಇದೆ. ಶಹಾಪುರದ ಬ್ಯಾಂಕ್ ಆಫ್ ಇಂಡಿಯಾ ವೃತ್ತದಿಂದ ಹಳೆ ಪಿ.ಬಿ. ರಸ್ತೆಗೆ ಸೇರುವ ರಸ್ತೆಯನ್ನು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಮಾಡಿದರು. ಓಡಾಟಕ್ಕೆ ಅನುಕೂಲವೇ ಆಯಿತು. ಆದರೆ ನಡುವಿನ ಖಾಸಗಿ ಜಾಗವನ್ನು ಕಾನೂನಿನಂತೆ ಸ್ವಾಧೀನ ಮಾಡಿಕೊಂಡಿರಲಿಲ್ಲ. ಜಾಗದ ಮಾಲೀಕರು ಹೈಕೋರ್ಟಿಗೆ ಹೋದರು. ಪರಿಹಾರದ ಮೊತ್ತ 20 ಕೋಟಿ ರೂಪಾಯಿಯವರೆಗೆ ಬಂತು. ಅದನ್ನು ಭರಿಸುವ ಸರದಿ ಪಾಲಿಕೆಗೆ ಬಂದಾಗ 2024ರಲ್ಲಿ ಪಾಲಿಕೆ ಸಭೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕೊನೆಗೆ ಜಾಗವನ್ನು ಮಾಲೀಕರಿಗೆ ಮರಳಿಸುವ ಸ್ಥಿತಿ ಬಂತು.

ಇದರಲ್ಲಿ ಇಬ್ಬರನ್ನು ಗಮನಿಸಿ. ಒಬ್ಬರು ಜಾಗ ಕಳೆದುಕೊಂಡವರು. ಅವರು ತಮ್ಮ ಹಕ್ಕಿಗೆ ಕೋರ್ಟಿನವರೆಗೆ ಹೋಗಬೇಕಾಯಿತು. ಇನ್ನೊಬ್ಬರು ಆ ರಸ್ತೆಯಲ್ಲಿ ದಿನಾ ಸ್ಕೂಟರ್ ಓಡಿಸುತ್ತಿದ್ದವರು. ಅವರ ಕೈಗೆ ಕೊಟ್ಟ ರಸ್ತೆಯನ್ನು ತಿರುಗಿ ಕಿತ್ತುಕೊಂಡಂತಾಯಿತು. ಕೆಲಸ ಬೇಗ ಮುಗಿಸಬೇಕೆಂಬ ಅವಸರದಲ್ಲಿ ಒಂದು ಹೆಜ್ಜೆ ಬಿಟ್ಟರೆ ಎರಡೂ ಕಡೆಯವರ ನಂಬಿಕೆ ಹೋಗುತ್ತದೆ. ಆ ಹೆಜ್ಜೆ ತಪ್ಪಿದಾಗ ಕುರ್ಚಿಯಲ್ಲಿದ್ದವರು ಬಿಲ್ ಬರುವ ಹೊತ್ತಿಗೆ ಅಲ್ಲಿ ಇರುವುದಿಲ್ಲ. ಕೊಡಬೇಕಾದ್ದು ಪಾಲಿಕೆ, ಅಂದರೆ ಮನೆ ತೆರಿಗೆ ಕಟ್ಟುವ ನಾವು.

ತಿಲಕವಾಡಿಯ ವ್ಯಾಕ್ಸಿನ್ ಡಿಪೋದ ವಿಷಯವೂ ಇದೇ ಸಾಲಿನದು. ಹಿಂದೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. ಈಗ ಊರಿನ ನಡುವೆ ಉಳಿದಿರುವ ದಟ್ಟ ಮರಗಳ ತಾಣ. ಅಲ್ಲಿ ಕಟ್ಟಡ ಕೆಲಸ ಶುರುವಾದಾಗ ಪರಿಸರದ ಕಾಳಜಿ ಇದ್ದವರು ವಿರೋಧಿಸಿದರು. ಯೋಜನೆಯವರಿಗೆ ಅದು ಅಭಿವೃದ್ಧಿಗೆ ಸಿಕ್ಕ ಖಾಲಿ ಜಾಗ. ದಿನಾ ಬೆಳಿಗ್ಗೆ ಅಲ್ಲಿ ನಡೆಯುವವರಿಗೆ ಅದು ಈಗಾಗಲೇ ಚೆನ್ನಾಗಿಯೇ ಇರುವ ಜಾಗ. ಮರಗಳ ಬಗ್ಗೆ ಮಾತಾಡಿದವರನ್ನು ಅಭಿವೃದ್ಧಿ ವಿರೋಧಿಗಳು ಎಂದು ಬದಿಗೆ ಸರಿಸುವುದು ಸುಲಭ. ನನಗೆ ಕಂಡಂತೆ ಊರನ್ನು ಹೆಚ್ಚು ಹಚ್ಚಿಕೊಂಡವರೇ ಹೀಗೆ ಬಂದು ನಿಲ್ಲುತ್ತಾರೆ.

ನಂಬಿಕೆ ಬೆಳೆದ ಕತೆಯೂ ಇದೆ

ಇದೇ ಊರಲ್ಲಿ ಜನ ಅನುಮಾನದಿಂದ ಶುರುಮಾಡಿ ನಂಬಿಕೆಗೆ ಬಂದ ಉದಾಹರಣೆ ಇದೆ. ಅದು ಸ್ಮಾರ್ಟ್ ಸಿಟಿಗಿಂತ ಹಳೆಯದು, ನೀರಿನದು.

ಬೆಳಗಾವಿಗೆ ನೀರು ಬರುವುದು ರಾಕಸಕೊಪ್ಪ ಜಲಾಶಯದಿಂದ ಮತ್ತು ಹಿಡಕಲ್‌ನಿಂದ. ನಳದಲ್ಲಿ ನೀರು ಬರುವುದು ಕೆಲವು ದಿನಕ್ಕೊಮ್ಮೆ ಎಂಬುದಕ್ಕೆ ಊರು ಒಗ್ಗಿಹೋಗಿತ್ತು. ವಿಶ್ವಬ್ಯಾಂಕಿನ ಸಾಲದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡ್‌ಗಳಲ್ಲಿ 24 ಗಂಟೆ ನೀರು ಕೊಡುವ ಪ್ರಯೋಗ ನಡೆಯಿತು. 2008ರಲ್ಲಿ ಆ ವಾರ್ಡ್‌ಗಳಿಗೆ ನಿರಂತರ ನೀರು ಶುರುವಾಯಿತು. ಮೊದಲು ಜನ ಹೆದರಿದ್ದರು. ಮೀಟರ್ ಕೂರಿಸುತ್ತಾರಂತೆ, ಖಾಸಗಿಯವರಿಗೆ ಕೊಡುತ್ತಾರಂತೆ, ಬಿಲ್ ಕೈಗೆ ಎಟುಕದಷ್ಟು ಬರುತ್ತದಂತೆ ಎಂಬ ಮಾತುಗಳಿದ್ದವು. ಆ ಪ್ರಶ್ನೆಗಳಲ್ಲಿ ಹುರುಳಿತ್ತು. ಇಂದಿಗೂ ಕೇಳಬೇಕಾದ ಪ್ರಶ್ನೆಗಳೇ ಅವು.

ಆದರೆ ದಿನ ಹೋದಂತೆ ಒಂದು ಬದಲಾವಣೆ ಬಂತು. ನಳ ತಿರುಗಿಸಿದಾಗಲೆಲ್ಲ ನೀರು ಬಂದರೆ ಮನೆಯಲ್ಲಿ ಬ್ಯಾರಲ್ ತುಂಬಿಸಿಡುವ ಅವಸರ ಕಡಿಮೆಯಾಗುತ್ತದೆ. ನೀರು ಬಿಡುವ ಹೊತ್ತಿಗೆ ಮನೆಯಲ್ಲೇ ಇರಬೇಕೆಂಬ ಕಟ್ಟು ತಪ್ಪುತ್ತದೆ. ಆ ಕಟ್ಟು ಹೆಚ್ಚಾಗಿ ಇದ್ದದ್ದು ಹೆಂಗಸರಿಗೆ. ಪಕ್ಕದ ವಾರ್ಡಿನವರು "ನಮಗೂ ಯಾವಾಗ?" ಎಂದು ಕೇಳತೊಡಗಿದರು. ಇಡೀ ಊರಿಗೆ ವಿಸ್ತರಿಸುವ ಕೆಲಸ ವರ್ಷಗಟ್ಟಲೆ ಎಳೆದದ್ದು ಬೇರೆ ಬೇಸರದ ಕತೆ.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಇದು. ತುಂಬಿದ ಬ್ಯಾರಲ್ ಎಂದರೆ ವ್ಯವಸ್ಥೆಯ ಮೇಲೆ ನಂಬಿಕೆ ಇಲ್ಲ ಎಂಬುದಕ್ಕೆ ಸಾಕ್ಷಿ. ಅದು ಖಾಲಿಯಾಗಿ ಬದಿಗೆ ಹೋದರೆ ನಂಬಿಕೆ ಬಂದಿದೆ ಎಂದು ಲೆಕ್ಕ. ಬಾಯಿಮಾತಿನ ಸಮೀಕ್ಷೆಗಿಂತ ಜನ ಮನೆಯಲ್ಲಿ ಏನು ಮಾಡುತ್ತಾರೆ ಎಂಬುದು ಹೆಚ್ಚು ನಿಜ ಹೇಳುತ್ತದೆ. ಬೀದಿದೀಪ ಬಂದ ಮೇಲೆ ಹೆಣ್ಣುಮಕ್ಕಳು ಸಂಜೆ ಟ್ಯೂಷನ್‌ನಿಂದ ಒಬ್ಬರೇ ಬರುತ್ತಾರಾ? ಫುಟ್‌ಪಾತ್ ಮೇಲೆ ವಯಸ್ಸಾದವರು ನಡೆಯುತ್ತಾರಾ, ಅಥವಾ ಇನ್ನೂ ರಸ್ತೆಯ ಅಂಚಿಗೇ ಇಳಿಯುತ್ತಾರಾ? ನಂಬಿಕೆಯನ್ನು ಅಲ್ಲಿ ಅಳೆಯಬೇಕು.

ಸಮೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಸರ್ಕಾರವೂ ಜನರ ಅನಿಸಿಕೆ ಅಳೆಯಲು ಪ್ರಯತ್ನಿಸಿದೆ. 2021ರ ಮಾರ್ಚ್‌ನಲ್ಲಿ ಪ್ರಕಟವಾದ ಸುಲಲಿತ ಜೀವನ ಸೂಚ್ಯಂಕದಲ್ಲಿ 111 ನಗರಗಳಿದ್ದವು. ಅದರಲ್ಲಿ 30 ಪ್ರತಿಶತ ಅಂಕ ನಾಗರಿಕರ ಅಭಿಪ್ರಾಯ ಸಮೀಕ್ಷೆಗೆ. ದೇಶದಾದ್ಯಂತ 32 ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಉತ್ತರಿಸಿದರು. ಜನರ ಮಾತಿಗೆ ಅಂಕ ಸಿಕ್ಕಿದ್ದು ಒಳ್ಳೆಯ ಬೆಳವಣಿಗೆ.

ಆದರೂ ಇಂಥ ಅಂಕಿಗಳನ್ನು ಓದುವಾಗ ಮೂರು ನಾಲ್ಕು ಪ್ರಶ್ನೆ ಇಟ್ಟುಕೊಳ್ಳಬೇಕು. ಉತ್ತರ ಕೊಟ್ಟವರು ಯಾರು? ಮೊಬೈಲ್‌ನಲ್ಲಿ ಫಾರಂ ತುಂಬುವವರು ಮತ್ತು ಗಣಪತಿ ಗಲ್ಲಿಯಲ್ಲಿ ಬುಟ್ಟಿ ಇಟ್ಟು ತರಕಾರಿ ಮಾರುವವರು ಒಂದೇ ಊರಲ್ಲಿ ಇದ್ದರೂ ಒಂದೇ ಊರನ್ನು ನೋಡುವುದಿಲ್ಲ. ಯಾವ ಭಾಷೆಯಲ್ಲಿ ಕೇಳಿದರು? ಬೆಳಗಾವಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮನೆಮಾತುಗಳು. ಇಂಗ್ಲಿಷ್ ಫಾರಂ ತಂದರೆ ಅರ್ಧ ಊರು ಹೊರಗೆ ಉಳಿಯುತ್ತದೆ. ಕೇಳಿದವರು ಯಾರು? ಕೊರಳಲ್ಲಿ ಇಲಾಖೆಯ ಗುರುತುಚೀಟಿ ಹಾಕಿಕೊಂಡು ಬಂದವರಿಗೆ "ಎಲ್ಲಾ ಚಲೋ ಐತ್ರೀ" ಎಂದು ಹೇಳಿ ಕಳಿಸುವುದು ನಮ್ಮ ಕಡೆಯ ಮರ್ಯಾದೆ. ಯಾವಾಗ ಕೇಳಿದರು ಎಂಬುದೂ ಮುಖ್ಯ. ರಸ್ತೆ ಅಗೆದ ತಿಂಗಳಲ್ಲಿ ಮತ್ತು ಡಾಂಬರು ಹಾಕಿದ ತಿಂಗಳಲ್ಲಿ ಒಬ್ಬರೇ ಬೇರೆ ಬೇರೆ ಉತ್ತರ ಕೊಡುತ್ತಾರೆ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಒಳ್ಳೆಯ ಪರಂಪರೆ ಇದೆ. ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಅವರು 1990ರ ದಶಕದ ಮೊದಲ ಭಾಗದಲ್ಲೇ ಬೆಂಗಳೂರಿನಲ್ಲಿ ನಾಗರಿಕರಿಂದ ಇಲಾಖೆಗಳಿಗೆ ಅಂಕಪಟ್ಟಿ ಕೊಡಿಸಿದರು. ಮುಂದೆ ಅವರು ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸಂಸ್ಥೆ ಆ ಕೆಲಸ ಮುಂದುವರಿಸಿತು. ಅವರು "ನಿಮಗೆ ನಂಬಿಕೆ ಇದೆಯಾ" ಎಂದು ಸುಮ್ನೆ ಕೇಳಲಿಲ್ಲ. ಒಂದೊಂದು ಇಲಾಖೆಯ ಹೆಸರು ಹಿಡಿದು, ಕೆಲಸಕ್ಕೆ ಎಷ್ಟು ಸಲ ಅಲೆದಿರಿ, ಲಂಚ ಕೊಡಬೇಕಾಯಿತಾ, ಸಮಸ್ಯೆ ಬಗೆಹರಿಯಿತಾ ಎಂದು ಕೇಳಿದರು. ಬೆಳಗಾವಿಯ 58 ವಾರ್ಡ್‌ಗಳಲ್ಲಿ ಮೂರೂ ಭಾಷೆಯಲ್ಲಿ ಹೀಗೆ ಕೇಳಿ, ಫಲಿತಾಂಶವನ್ನು ವಾರ್ಡ್‌ವಾರು ಪ್ರಕಟಿಸಿದರೆ ಎಷ್ಟು ಬೆಳಕು ಬೀಳುತ್ತದೆ ಯೋಚಿಸಿ.

ಕ್ಯಾಮೆರಾ ಕಣ್ಣು

ಕಮಾಂಡ್ ಆ್ಯಂಡ್ ಕಂಟ್ರೋಲ್ ಸೆಂಟರ್ ಈ ಯೋಜನೆಯ ಎಲ್ಲ ಊರಲ್ಲೂ ಬಂತು, ಬೆಳಗಾವಿಯಲ್ಲೂ ಬಂತು. ಕ್ಯಾಮೆರಾ, ದೀಪ, ಸಂಚಾರ, ಕಸದ ಗಾಡಿ ಇವನ್ನೆಲ್ಲ ಒಂದೇ ಕೋಣೆಯಿಂದ ನೋಡುವ ವ್ಯವಸ್ಥೆ ಅದು. ಕ್ಯಾಮೆರಾ ಬಗ್ಗೆ ಜನರಲ್ಲಿ ಎರಡು ಮನಸ್ಸು. ಸರ ಕಿತ್ತುಕೊಂಡು ಓಡಿದವರು ಸಿಕ್ಕಿಬಿದ್ದರೆ ಕ್ಯಾಮೆರಾ ಬೇಕು. ದಂಡದ ನೋಟಿಸ್ ಮಾತ್ರ ತಪ್ಪದೆ ಮನೆಗೆ ಬಂದು, ಕಳೆದುಹೋದ ಗಾಡಿಯ ದೂರಿಗೆ ಮಾತ್ರ "ಅಲ್ಲಿ ಕ್ಯಾಮೆರಾ ಕೆಟ್ಟಿತ್ತು" ಎಂಬ ಉತ್ತರ ಸಿಕ್ಕರೆ, ಈ ಕಣ್ಣು ಇರುವುದು ಯಾರಿಗಾಗಿ ಎಂಬ ಪ್ರಶ್ನೆ ಹುಟ್ಟುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದೆ. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಗೆ ಕಾಯ್ದೆಯೂ ಬಂತು. ಹಾಗಾಗಿ ಈ ದೃಶ್ಯಗಳನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರು ನೋಡಬಹುದು, ನೋಡಿದ್ದಕ್ಕೆ ದಾಖಲೆ ಇದೆಯಾ ಎಂದು ಕೇಳುವುದು ಅನುಮಾನದ ಮಾತಲ್ಲ, ಹಕ್ಕಿನ ಮಾತು. ಈ ಮೂರು ಉತ್ತರಗಳನ್ನು ಕಚೇರಿಯ ಗೋಡೆಯ ಮೇಲೆ ಬರೆದು ಹಾಕಿದರೂ ಅರ್ಧ ಭಯ ಹೋಗುತ್ತದೆ.

ಈಗ ಕೇಳಬೇಕಾದ್ದು

ಯೋಜನೆ ಮುಗಿದಿದೆ, ಆದರೆ ಮಾಡಿದ್ದೆಲ್ಲ ಇಲ್ಲೇ ಇದೆ. ರಸ್ತೆ, ದೀಪ, ಪಾರ್ಕು, ಕ್ಯಾಮೆರಾ, ಗ್ರಂಥಾಲಯ. ಇವುಗಳ ಕರೆಂಟ್ ಬಿಲ್, ದುರಸ್ತಿ, ಕಾವಲು ಎಲ್ಲದಕ್ಕೂ ಇನ್ನು ಮುಂದೆ ಕೇಂದ್ರದ 500 ಕೋಟಿ ಬರುವುದಿಲ್ಲ. ಹೊರೆ ಬರುವುದು ಪಾಲಿಕೆಗೆ. ಹಾಗಾಗಿ ನಂಬಿಕೆಯ ನಿಜವಾದ ಪರೀಕ್ಷೆ ಈಗಿನದು ಎಂದು ನನಗೆ ಅನಿಸುತ್ತದೆ.

ಗುತ್ತಿಗೆದಾರರು ಡಿಎಲ್‌ಪಿ ಎಂದು ಕರೆಯುವ ಒಂದು ಅವಧಿ ಇದೆ. ಕಾಮಗಾರಿ ಮುಗಿದ ಮೇಲೆ ಇಂತಿಷ್ಟು ಕಾಲ ಏನೇ ಕೆಟ್ಟರೂ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಿ ಕೊಡಬೇಕು. ಅದು ಮುಗಿದ ಮರುದಿನದಿಂದ ಖರ್ಚು ನಮ್ಮದು. ನಿಮ್ಮ ಗಲ್ಲಿಯ ಪೇವರ್ ಕಲ್ಲು ಎದ್ದಿದ್ದರೆ ಆ ಅವಧಿ ಮುಗಿಯುವ ಮೊದಲೇ ಲಿಖಿತ ದೂರು ಕೊಡುವುದು ಲಾಭ. ಆದರೆ ಆ ತಾರೀಖು ನಿವಾಸಿಗಳಿಗೆ ಗೊತ್ತಿರುವುದೇ ಅಪರೂಪ.

ತಿಳಿದುಕೊಳ್ಳಲು ದಾರಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ ಈ ಸರ್ಕಾರಿ ಕಂಪನಿಗೂ ಅನ್ವಯಿಸುತ್ತದೆ, ಪಾಲಿಕೆಗೂ ಅನ್ವಯಿಸುತ್ತದೆ. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ ಇರಬೇಕು. "ಸ್ಮಾರ್ಟ್ ಸಿಟಿಯ ಎಲ್ಲಾ ಮಾಹಿತಿ ಕೊಡಿ" ಎಂದು ಬರೆದರೆ ಏನೂ ಸಿಗುವುದಿಲ್ಲ. ಒಂದು ರಸ್ತೆಯ ಹೆಸರು ಹಿಡಿದು, ಕಾಮಗಾರಿ ಮುಗಿದ ದಿನಾಂಕ, ಗುತ್ತಿಗೆದಾರರ ಹೊಣೆಯ ಅವಧಿ ಮುಗಿಯುವ ದಿನಾಂಕ, ಪಾಲಿಕೆಗೆ ಹಸ್ತಾಂತರಿಸಿದ ಪತ್ರದ ಪ್ರತಿ ಇಷ್ಟನ್ನೇ ಕೇಳಿ.

ಇನ್ನೊಂದು ಬಾಗಿಲು ವಾರ್ಡ್ ಸಮಿತಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ಸಂವಿಧಾನದ 243-ಎಸ್ ವಿಧಿ ಹೇಳುತ್ತದೆ. ಬೆಳಗಾವಿ ಆ ಗೆರೆಯನ್ನು ಎಂದೋ ದಾಟಿದೆ. ನಗರಸೇವಕರ ಅಧ್ಯಕ್ಷತೆಯಲ್ಲಿ ವಾರ್ಡಿನ ನಿವಾಸಿಗಳು ಕೂತು ಗಟಾರ, ದೀಪ, ಕಸ, ಪಾರ್ಕಿನ ವಿಷಯ ಮಾತಾಡಿ, ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸುವ ಜಾಗ ಅದು. ಕಂಪನಿಯ ಮಂಡಳಿಯಲ್ಲಿ ಸಿಗದ ಮಾತಿನ ಹಕ್ಕು ಅಲ್ಲಿ ಸಿಗುತ್ತದೆ. ನಿಮ್ಮ ವಾರ್ಡಿನ ಸಮಿತಿ ಕಳೆದ ಸಲ ಸೇರಿದ್ದು ಯಾವಾಗ ಎಂದು ನಗರಸೇವಕರನ್ನೇ ಕೇಳಿ. ಸೇರಿದ್ದರೆ ನಡಾವಳಿಯ ಪ್ರತಿ ಕೇಳಿ. ಸೇರಿಲ್ಲದಿದ್ದರೆ ಮುಂದಿನ ಸಭೆಯ ದಿನಾಂಕವನ್ನು ಬರೆದುಕೊಡಲು ಹೇಳಿ. ಆ ಸಭೆಯ ಮೊದಲ ವಿಷಯವಾಗಿ ನಿಮ್ಮ ವಾರ್ಡಿನಲ್ಲಿ ಸ್ಮಾರ್ಟ್ ಸಿಟಿ ಹಣದಿಂದ ಆದ ಕಾಮಗಾರಿಗಳ ಪಟ್ಟಿ ಇರಲಿ. ಒಂದೊಂದರ ಎದುರಿಗೂ, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಬರೆಸಿಕೊಳ್ಳಿ.